ಬಿಳಿ ಬಟ್ಟೆಯವರೆಲ್ಲ ಸಿಸ್ಟರ್

ನನ್ನದು ಜೆರಾಕ್ಸ್ ಅಂಗಡಿ. ಆಸ್ಪತ್ರೆಯ ಗೇಟಿನ ಎದುರಿಗೇ ಇದೆ, ಮೂರು ಮೆಟ್ಟಿಲು ಹತ್ತಬೇಕು. ಇಪ್ಪತ್ತು ವರ್ಷಗಳಿಂದ ಈ ಬೀದಿಯವರ ಹುಟ್ಟು, ಮದುವೆ, ಅಂಕಪಟ್ಟಿ, ಸಾವು ಎಲ್ಲವೂ ನನ್ನ ಯಂತ್ರದ ಗಾಜಿನ ಮೇಲೆ ಬೋರಲು ಮಲಗಿ ಎದ್ದು ಹೋಗಿವೆ. ಕಾಗದವನ್ನು ಗಾಜಿನ ಮೇಲಿಡುವಾಗ ಒಮ್ಮೆ ಓದಿಬಿಡುವುದು ನನ್ನ ಕೆಟ್ಟ ಚಾಳಿ. ಓದಿದ್ದನ್ನು ಯಾರ ಮುಂದೆಯೂ ಬಾಯಿ ಬಿಡದಿರುವುದು ನನ್ನ ಒಳ್ಳೆಯ ಗುಣ ಎಂದು ಬಹಳ ಕಾಲ ಜಂಬಪಟ್ಟಿದ್ದೆ. ಈಗ ಆ ಜಂಬ ಉಳಿದಿಲ್ಲ. ಅದು ಹೇಗೆ ಹೋಯಿತೆಂದು ಹೇಳಬೇಕಾದರೆ ಒಬ್ಬ ಹುಡುಗಿಯ ವಿಷಯ ಹೇಳಬೇಕು.

ನನ್ನ ಮೆಟ್ಟಿಲಿನ ಪಕ್ಕದಲ್ಲಿ, ನನ್ನದೇ ಸೂರಿನ ನೆರಳಿನಲ್ಲಿ ಒಬ್ಬರು ಬೀಗ ರಿಪೇರಿ ಮಾಡುತ್ತಿದ್ದರು. ಒಂದು ತಗಡಿನ ಪೆಟ್ಟಿಗೆ, ಒಂದು ಗಿಡ್ಡ ಸ್ಟೂಲು, ತಂತಿಗೆ ಪೋಣಿಸಿದ ನೂರಾರು ಹಳೆಯ ಕೀಲಿಕೈ, ಇಷ್ಟೇ ಅವರ ಅಂಗಡಿ. ಎಲ್ಲರೂ ಅವರನ್ನು ಬೀಗದವರು ಎನ್ನುತ್ತಿದ್ದರು. ಮಗಳು ನಡೆಯಲು ಕಲಿಯುವ ಮೊದಲೇ ಅವರ ಹೆಂಡತಿ ತೀರಿಕೊಂಡಿದ್ದರು. ಮಗುವನ್ನು ಸಾಕಿದ್ದು ಅವರ ಅಕ್ಕ. ಈ ಅಕ್ಕ ಎದುರಿನ ಆಸ್ಪತ್ರೆಯಲ್ಲಿ ಆಯಾ. ನೆಲ ಒರೆಸುವುದು, ಹಾಸಿಗೆ ಬದಲಿಸುವುದು, ಬೆಡ್‌ಪ್ಯಾನ್ ತೊಳೆಯುವುದು ಆಸ್ಪತ್ರೆ ಕೊಟ್ಟ ಕೆಲಸ. ಇಡೀ ವಾರ್ಡನ್ನು ಗದರಿಸಿ ಅಂಕೆಯಲ್ಲಿಡುವುದು ಅವರಾಗಿಯೇ ಮೈಮೇಲೆ ಹಾಕಿಕೊಂಡ ಕೆಲಸ. ಅವರು ಒರೆಸಿದ ನೆಲ ಒಣಗುವ ತನಕ ಡಾಕ್ಟರೂ ಬಾಗಿಲಲ್ಲಿ ನಿಲ್ಲಬೇಕಿತ್ತು. ಬೀದಿಯಲ್ಲಿ ಅವರಿಗೆ ವಾರ್ಡಮ್ಮ ಎಂದೇ ಹೆಸರು.

ವಾರ್ಡಮ್ಮನಿಗೆ ಓದು ಬರಹ ಅಷ್ಟಕ್ಕಷ್ಟೇ. ಆದರೆ ಆಸ್ಪತ್ರೆಯ ವಿಷಯ ಬಂತೆಂದರೆ ನಮಗೆಲ್ಲ ಅವರು ಹೇಳಿದ್ದೇ ಕೊನೆಯ ಮಾತು. ಯಾವ ಡಾಕ್ಟರ ಕೈಗುಣ ಒಳ್ಳೆಯದು, ಯಾವ ಹೊತ್ತಿಗೆ ಹೋದರೆ ಸಾಲು ಕಡಿಮೆ, ಎಲ್ಲ ಅವರಿಗೆ ನಾಲಿಗೆ ತುದಿಯಲ್ಲಿ. ವಾರ್ಡಿನಲ್ಲಿ ಬಿಳಿ ಬಟ್ಟೆ ತೊಟ್ಟ ಹೆಂಗಸು ಯಾರೇ ಆಗಲಿ, ಅವರು ಕರೆಯುತ್ತಿದ್ದದ್ದು ಸಿಸ್ಟರ್ ಎಂದು. ಆ ಸಿಸ್ಟರ್, ಈ ಸಿಸ್ಟರ್, ಗಿಡ್ಡ ಸಿಸ್ಟರ್, ಸಿಡುಕು ಸಿಸ್ಟರ್. ಬೀಗದವರು ತಮಾಷೆ ಮಾಡುತ್ತಿದ್ದರು: "ನಮ್ಮಕ್ಕನಿಗೆ ಆಸ್ಪತ್ರೆ ತುಂಬ ಸಿಸ್ಟರುಗಳು. ನನಗೆ ಮಾತ್ರ ಇವಳೊಬ್ಬಳೇ."

ವರ್ಷಕ್ಕೆ ಇಬ್ಬರು ಮೂವರಾದರೂ ಆ ವಾರ್ಡಿನಿಂದ ಪರದೇಶಕ್ಕೆ ಹೋಗುತ್ತಿದ್ದರು. ಹಾಗೆ ಒಬ್ಬರು ಹೋದ ದಿನ ವಾರ್ಡಮ್ಮ ಡ್ಯೂಟಿ ಮುಗಿಸಿ ಬಂದು ನನ್ನ ಮೆಟ್ಟಿಲ ಮೇಲೆ ಕೂತುಬಿಡುತ್ತಿದ್ದರು. "ನಿನ್ನೆ ತನಕ ನನ್ನ ಪಕ್ಕದ ನಲ್ಲೀಲಿ ಕೈ ತೊಳೀತಿದ್ದ ಹುಡುಗಿ ಕಣ್ರೀ. ಇವತ್ತು ವಿಮಾನದಲ್ಲಿ ಕೂತಿದಾಳೆ!" ಎಂದು ಆಕಾಶದತ್ತ ಕೈ ಮಾಡುತ್ತಿದ್ದರು. ಪಕ್ಕದಲ್ಲಿ ಶಾಲೆಯ ಚೀಲ ಮಡಿಲಲ್ಲಿಟ್ಟುಕೊಂಡು ಬೀಗದವರ ಮಗಳು ಕಿವಿಯಾಗಿ ಕೂತಿರುತ್ತಿದ್ದಳು. ಮನೆಯಲ್ಲಿ ಅವಳನ್ನು ಪುಟ್ಟಿ ಎನ್ನುತ್ತಿದ್ದರು, ನಾನೂ ಹಾಗೇ ಎನ್ನುತ್ತಿದ್ದೆ.

ಅಪ್ಪನ ಬೆರಳಿಗೆ ಕೀಲಿ ಉಜ್ಜುವ ಅರ ತಾಗಿ ಗಾಯವಾದಾಗಲೆಲ್ಲ ಬಟ್ಟೆ ಕಟ್ಟುತ್ತಿದ್ದವಳು ಅವಳೇ. ಅದೇನು ಅಚ್ಚುಕಟ್ಟು ಅಂತೀರಿ, ಎಂಟು ವರ್ಷದ ಮಗು ಕಟ್ಟಿದ ಪಟ್ಟಿ ಮೂರು ದಿನ ಜಗ್ಗುತ್ತಿರಲಿಲ್ಲ. ದೊಡ್ಡವಳಾದ ಮೇಲೆ ಒಮ್ಮೆ ನನಗೆ ಹೇಳಿದಳು: "ಪರದೇಶದಲ್ಲಿ ಒಬ್ಬ ನರ್ಸ್‌ಗೆ ನಾಲ್ಕೇ ಜನ ರೋಗಿಗಳಂತೆ ಅಂಕಲ್. ನಮ್ಮ ಅತ್ತೆ ವಾರ್ಡಲ್ಲಿ ನಲವತ್ತು. ನಾಲ್ಕೇ ಜನ ಆದ್ರೆ ಕೂತ್ಕೊಂಡು ಮಾತಾಡಿಸಬಹುದು, ಅಲ್ವಾ?" ಪರದೇಶಕ್ಕೆ ಹೋಗಬೇಕೆನ್ನುವವರ ಬಾಯಲ್ಲಿ ಬೇರೆ ಬೇರೆ ಕಾರಣ ಕೇಳಿದ್ದೇನೆ. ಮಾತಾಡಿಸಲು ಪುರುಸೊತ್ತು ಸಿಗುತ್ತದೆ ಎಂದವಳು ಇವಳೊಬ್ಬಳೇ.

ಅವಳ ಶಾಲೆಯ ಕೊನೆಯ ವರ್ಷ ಬೀಗದವರ ಕಣ್ಣಿನ ಸಂಗತಿ ಹೊರಬಿತ್ತು. ಕಣ್ಣಿನೊಳಗಿನ ಒತ್ತಡದ ಕಾಯಿಲೆ. ನೋಟ ಅಂಚಿನಿಂದ ಒಳಕ್ಕೆ ಮುಚ್ಚಿಕೊಳ್ಳುತ್ತ ಬರುತ್ತದಂತೆ, ಹೋದದ್ದು ತಿರುಗಿ ಬರುವುದಿಲ್ಲವಂತೆ. ಡಾಕ್ಟರು ಔಷಧಿ ಬರೆದುಕೊಟ್ಟು, ಎರಡು ಮೂರು ವರ್ಷ ತಡೆಯಬಹುದು, ಮುಂದಿನದು ಹೇಳಲಾರೆ ಎಂದಿದ್ದರು. ಬೀಗದವರು ಅದನ್ನೂ ನಗೆಯಲ್ಲೇ ತೇಲಿಸಿದರು. "ಜೀವಮಾನ ಪೂರ್ತಿ ಬೀಗದ ತೂತಲ್ಲಿ ಇಣುಕಿದೆ. ಈಗ ಜಗತ್ತೇ ಬೀಗದ ತೂತಿನಷ್ಟಾಗಿದೆ ನೋಡಿ" ಎಂದರು. ಆಮೇಲೆ ಮಗಳ ಕಡೆ ತಿರುಗಿ, "ನೀನು ವಿಮಾನ ಹತ್ತೋದನ್ನ ಒಂದ್ಸಲ ಕಣ್ತುಂಬ ನೋಡ್ಬಿಟ್ರೆ ಸಾಕು ಪುಟ್ಟಿ. ಆಮೇಲೆ ಬೇಕಾದ್ರೆ ಈ ಕಣ್ಣು ಬಾಗಿಲು ಹಾಕ್ಕೊಳ್ಳಲಿ" ಎಂದರು. ಹುಡುಗಿ ನಗಲಿಲ್ಲ.

ಪರೀಕ್ಷೆಯಲ್ಲಿ ಅವಳಿಗೆ ಒಳ್ಳೆಯ ಅಂಕ ಬಂತು. ನಾಲ್ಕು ವರ್ಷದ ನರ್ಸಿಂಗ್ ಪದವಿಗೆ, ದೂರದ ಸರ್ಕಾರಿ ಕಾಲೇಜಿನಲ್ಲಿ ಉಚಿತ ಸೀಟು ಸಿಕ್ಕಿತು. ಆ ಪತ್ರದ ಪ್ರತಿ ತೆಗೆಸಲು ಅತ್ತೆ ಸೊಸೆ ಇಬ್ಬರೂ ಒಂದು ಮಧ್ಯಾಹ್ನ ಅಂಗಡಿಗೆ ಬಂದರು. ವಾರ್ಡಮ್ಮನ ಕೈಯಲ್ಲಿ ಇನ್ನೊಂದು ಕಾಗದವೂ ಇತ್ತು. ನಮ್ಮ ಊರಿನದೇ ಒಂದು ತರಬೇತಿ ಸಂಸ್ಥೆಯದು. ಮೇಲೆ ವಿಮಾನದ ಚಿತ್ರ, ಕೆಳಗೆ ದಪ್ಪ ಅಕ್ಷರದಲ್ಲಿ ನರ್ಸಿಂಗ್ ತರಬೇತಿ, ಎರಡೇ ವರ್ಷ.

ಎರಡೂ ಕಾಗದ ನನ್ನ ಕೌಂಟರಿನ ಮೇಲೆ ಅಕ್ಕಪಕ್ಕ ಬಿದ್ದಿದ್ದವು.

"ಯಾವುದು ಅಂತ ಇವತ್ತೇ ತೀರ್ಮಾನ ಆಗ್ಬೇಕು" ಎಂದರು ವಾರ್ಡಮ್ಮ. "ಇದಕ್ಕೆ ಸೇರಿದ್ರೂ ಬಿಳಿ ಬಟ್ಟೆ, ಅದಕ್ಕೆ ಸೇರಿದ್ರೂ ಬಿಳಿ ಬಟ್ಟೆ. ಇಲ್ಲಿ ಓದಿದೋರೂ ನಮ್ಮ ವಾರ್ಡಲ್ಲಿದಾರೆ, ಅಲ್ಲಿ ಓದಿದೋರೂ ಇದಾರೆ. ಎಲ್ರೂ ಸಿಸ್ಟರೇ. ಸುಮ್ನೆ ಎರಡು ವರ್ಷ ಯಾಕೆ ಹೆಚ್ಚಿಗೆ ಕೂರ್ಬೇಕು?"

ನಾನು ಎರಡು ವರ್ಷದ ಕಾಗದವನ್ನು ಗಾಜಿನ ಮೇಲಿಡುವಾಗ ಚಾಳಿಯಂತೆ ಓದಿದೆ. ದಪ್ಪ ಅಕ್ಷರದ ಕೆಳಗೆ ಇರುವೆ ಸಾಲಿನಷ್ಟು ಸಣ್ಣದಾಗಿ ಇನ್ನೆರಡು ಪದಗಳಿದ್ದವು: ಸಹಾಯಕ ಶ್ರೇಣಿ. ಆ ಪದಗಳ ಗುರುತು ನನಗೆ ಚೆನ್ನಾಗಿತ್ತು. ಅದೇ ಪದವಿದ್ದ ಪ್ರಮಾಣಪತ್ರ ಹಿಡಿದುಕೊಂಡು ಪರದೇಶಕ್ಕೆ ಅರ್ಜಿ ಹಾಕಿದ ಇಬ್ಬರ ಕಾಗದ ಅನರ್ಹ ಎಂಬ ಮೊಹರು ಹೊತ್ತು ವಾಪಸ್ ಬಂದದ್ದನ್ನು ನಾನೇ ಜೆರಾಕ್ಸ್ ಮಾಡಿದ್ದೆ.

"ವಾರ್ಡಮ್ಮ, ಇಲ್ಲಿ ಸಹಾಯಕ ಅಂತ ಏನೋ ಇದೆ..." ಎಂದು ಬಾಯಿ ತೆಗೆದೆ.

"ಇರ್ಲಿ ಬಿಡ್ರೀ. ದೊಡ್ಡ ಡಾಕ್ಟರೂ ಒಂದು ಕಾಲದಲ್ಲಿ ಇನ್ನೊಬ್ಬ ಡಾಕ್ಟರ್ ಕೈಕೆಳಗೆ ಸಹಾಯಕನೇ. ಮೊದಲು ಎಲ್ರೂ ಹಾಗೇ, ಆಮೇಲೆ ಮೇಲಕ್ಕೇರ್ತಾರೆ. ನೀವು ಕಾಗದ ನೋಡಿದೀರ, ನಾನು ವಾರ್ಡ್ ನೋಡಿದೀನಿ."

ಕಡ್ಡಿ ಮುರಿದಂತೆ ಹೇಳಿಬಿಟ್ಟರು. ನನಗೆ ಮೂಗಿನ ತುದಿಗೆ ಸಿಟ್ಟು ಬಂತು. ಇಪ್ಪತ್ತು ವರ್ಷ ಕಾಗದ ನೋಡಿದವನಿಗೆ ಈ ಮಾತೇ ಎಂದುಕೊಂಡೆ. ನೀವುಂಟು, ನಿಮ್ಮ ವಾರ್ಡುಂಟು, ನನಗ್ಯಾಕೆ ಊರ ಉಸಾಬರಿ ಎಂದು ಯಂತ್ರದ ಗುಂಡಿ ಒತ್ತಿದೆ.

ಹುಡುಗಿ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದಳು. "ಅಂಕಲ್, ಎರಡು ವರ್ಷದ್ದು ಸಾಕಾಗುತ್ತಾ? ಅಪ್ಪನ ಕಣ್ಣು ಎರಡು ವರ್ಷ ತಡೀಬಹುದು. ನಾಲ್ಕು ವರ್ಷ ತಡೆಯಲ್ಲ" ಎಂದಳು.

ಅವಳು ಕೇಳಿದಳು. ನೇರವಾಗಿ ನನ್ನನ್ನೇ ಕೇಳಿದಳು. ನಾನು ಬಿಸಿಯಾದ ಕಾಗದವನ್ನು ಅವಳ ಕೈಗೆ ಕೊಡುತ್ತ, "ನಿಮ್ಮತ್ತೆ ಹೇಳ್ತಿದಾರಲ್ಲಮ್ಮ, ಅವರಿಗಿಂತ ನನಗೆ ಗೊತ್ತಾ?" ಎಂದೆ. ಚುಚ್ಚಿ ಆಡಿದ ಮಾತು. ಅದು ಮಗುವಿಗೆ ಹೇಗೆ ತಿಳಿಯಬೇಕು? ಅವಳು ಒಪ್ಪಿಗೆ ಎಂದುಕೊಂಡಳು. ನಾಲ್ಕು ವರ್ಷದ ಪತ್ರವನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡಳು.

ಎರಡು ವರ್ಷ ಹುಡುಗಿ ಜೀವ ಬಿಟ್ಟು ಓದಿದಳು. ಆ ಸಂಸ್ಥೆಯ ಗೋಡೆಯ ಮೇಲೂ ವಿಮಾನವಿತ್ತಂತೆ. ಪಾಠ ಹೇಳುವವರು ಅದರ ಕೆಳಗೇ ನಿಂತು ಪಾಠ ಹೇಳುತ್ತಿದ್ದರಂತೆ. ಸಂಜೆ ನನ್ನ ಮೆಟ್ಟಿಲ ಮೇಲೆ ಕೂತು ಅಪ್ಪನ ನಾಡಿ ಎಣಿಸುತ್ತಿದ್ದಳು. ಬೀಗದವರು ಅಷ್ಟರಲ್ಲಿ ಕೀಲಿಯ ಹಲ್ಲನ್ನು ಕಣ್ಣಿನಿಂದಲ್ಲ, ಹೆಬ್ಬೆರಳಿನಿಂದ ನೋಡಿ ಅರದಲ್ಲಿ ಉಜ್ಜಲು ಶುರುಮಾಡಿದ್ದರು. ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು, "ನನ್ನ ಮಗಳು, ಸಿಸ್ಟರ್ ಆಗ್ತಿದಾಳೆ" ಎನ್ನುತ್ತಿದ್ದರು. ನಾನು ಒಳಗೆ ಕೂತು ಕೇಳಿಸಿಕೊಳ್ಳುತ್ತಿದ್ದೆ. ಹೇಳಬೇಕು, ಈಗಲಾದರೂ ಹೇಳಬೇಕು ಎಂದು ಎಷ್ಟೋ ಸಲ ಅನ್ನಿಸಿತು. ಆದರೆ ಕೈಬಿಟ್ಟ ಸೀಟು ಕೈಬಿಟ್ಟು ಆಗಿತ್ತು. ಈಗ ಹೇಳಿ ಇರುವ ನಗುವನ್ನು ಯಾಕೆ ಕಿತ್ತುಕೊಳ್ಳಲಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹೇಡಿಗಳಿಗೆ ಇಂಥ ಸಮಾಧಾನಗಳು ಕೈಗೆಟುಕುವಲ್ಲೇ ಇರುತ್ತವೆ.

ನರ್ಸುಗಳನ್ನು ಪರದೇಶಕ್ಕೆ ಕಳಿಸುವ ಕಚೇರಿಗೆ ಸಂದರ್ಶನಕ್ಕೆ ಹೋದ ದಿನ ನನ್ನನ್ನೂ ಕರೆದುಕೊಂಡು ಹೋದರು. ಕಾಗದ ಗೊತ್ತಿರುವವರೊಬ್ಬರು ಜೊತೆಗಿರಲಿ ಎಂದು. ಎಂಥ ಮಾತು ನೋಡಿ! ಪ್ಲಾಸ್ಟಿಕ್ ಕುರ್ಚಿಗಳ ಸಾಲು, ತಣ್ಣನೆಯ ಗಾಳಿ, ಗಾಜಿನ ಹಿಂದೆ ಕನ್ನಡಕದ ಅಧಿಕಾರಿ. ಒಳ್ಳೆಯ ಹೆಂಗಸು. ಹುಡುಗಿ ಕೊಟ್ಟ ಕಡತವನ್ನು ಒಂದೊಂದೇ ಹಾಳೆ ತಿರುಗಿಸಿ ನೋಡಿದರು. ಪ್ರಮಾಣಪತ್ರದ ಹತ್ತಿರ ಬೆರಳು ನಿಂತಿತು.

"ಇದು ಸಹಾಯಕಿ ತರಬೇತಿದಲ್ವಾ ಅಮ್ಮ? ಪದವಿ ಸರ್ಟಿಫಿಕೇಟ್ ಎಲ್ಲಿ?"

"ಇದೇ ಮೇಡಂ."

"ಇಲ್ಲಮ್ಮ. ಅಲ್ಲಿಗೆ ನರ್ಸ್‌ಗಳನ್ನ ಮಾತ್ರ ತಗೋತಾರೆ."

"ನಾನು ನರ್ಸೇ ಮೇಡಂ" ಎಂದಳು ಹುಡುಗಿ. ಆ ಮೂರು ಪದ ಹೇಳುವಾಗ ಅವಳ ದನಿ ಎಷ್ಟು ಸಣ್ಣದಾಯಿತೆಂದರೆ, ಅಧಿಕಾರಿ ಕನ್ನಡಕ ತೆಗೆದಿಟ್ಟರು.

"ನರ್ಸ್ ಬೇರೆ, ನರ್ಸ್ ಸಹಾಯಕಿ ಬೇರೆ. ನಿಮಗೆ ಯಾರೂ ಹೇಳ್ಲಿಲ್ವಾ?"

ಹುಡುಗಿ ಕೇಳಬೇಕಾದ್ದನ್ನೆಲ್ಲ ಕೇಳಿದಳು. ಅನುಭವ ಆದ ಮೇಲೆ ಮೇಲಕ್ಕೇರಿಸುವುದಿಲ್ಲವೇ? ಇಲ್ಲ. ಈ ಎರಡು ವರ್ಷವನ್ನು ಪದವಿಯ ನಾಲ್ಕು ವರ್ಷದ ಲೆಕ್ಕಕ್ಕೆ ಹಿಡಿಯುವುದಿಲ್ಲವೇ? ಇಲ್ಲ, ಮೊದಲ ವರ್ಷದಿಂದಲೇ ಶುರು. ಆ ಉಚಿತ ಸೀಟು? ಅದು ಶಾಲೆ ಮುಗಿಸಿದ ವರ್ಷವೇ ಸೇರುವವರಿಗೆ ಮಾತ್ರ. ಅಧಿಕಾರಿ ಪ್ರತಿಯೊಂದಕ್ಕೂ ತಾಳ್ಮೆಯಿಂದ ಉತ್ತರ ಕೊಟ್ಟರು. ಬೈದಿದ್ದರೆ ಅವರ ಮೇಲಾದರೂ ಸಿಟ್ಟು ಮಾಡಿಕೊಳ್ಳಬಹುದಿತ್ತು.

ವಾರ್ಡಮ್ಮ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಡಾಕ್ಟರನ್ನೇ ಬಾಗಿಲಲ್ಲಿ ನಿಲ್ಲಿಸಿದ ಹೆಂಗಸು. "ಆದ್ರೆ ಎಲ್ರನ್ನೂ ಸಿಸ್ಟರ್ ಅಂತಾನೇ ಕರೀತೀವಲ್ಲ" ಎಂದರು. ಯಾರಿಗೆ ಹೇಳಿದರೋ ಗೊತ್ತಿಲ್ಲ. ಗಾಜಿನ ಹಿಂದಿನವರಿಗೆ ಅದು ಕೇಳಿಸಲೂ ಇಲ್ಲ.

ಬಸ್ಸಿನಲ್ಲಿ ವಾಪಸ್ ಬರುವಾಗ ವಾರ್ಡಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದರು. ಹುಡುಗಿ ಅವರ ಬೆನ್ನು ಸವರುತ್ತಿದ್ದಳು. ಅಳಬೇಕಾದವಳು ಸಮಾಧಾನ ಮಾಡುತ್ತಿದ್ದಳು. ನಾನು ಹಿಂದಿನ ಸೀಟಿನಲ್ಲಿ ಕಡತ ಹಿಡಿದು ಕೂತಿದ್ದೆ.

"ಅಪ್ಪನಿಗೆ ಹೇಳೋದು ಬೇಡ" ಎಂದಳು ಹುಡುಗಿ. "ಎರಡು ವರ್ಷದ್ದು ಯಾಕೆ ತಗೊಂಡೆ ಅಂತ ಅಪ್ಪ ಕೇಳೇ ಕೇಳ್ತಾರೆ. ತನ್ನ ಕಣ್ಣಿಗೋಸ್ಕರ ಅಂತ ಗೊತ್ತಾದ್ರೆ ಒಡೆದು ಹೋಗ್ತಾರೆ. ಕೆಲಸ ಸಿಕ್ಕಿತ್ತು, ನಿನ್ನ ಬಿಟ್ಟು ಹೋಗೋಕೆ ಮನಸ್ಸಾಗಲಿಲ್ಲ ಅಂತೀನಿ. ನೀವಿಬ್ರೂ ಹೂಂ ಅಂದ್ರೆ ಸಾಕು."

ನಾವಿಬ್ಬರೂ ಹೂಂ ಎಂದೆವು.

ಆ ಸುಳ್ಳು ಏನು ಮಾಡುತ್ತದೆಂದು ಮೂವರಿಗೂ ಹೊಳೆಯಲಿಲ್ಲ. ಬೀಗದವರು ಕೇಳಿ ಮಗಳ ತಲೆ ಸವರಿದರು. ಮಾರನೆಯ ದಿನದಿಂದ ಬೀಗ ತಂದವರಿಗೆಲ್ಲ ಅದೇ ಕಥೆ. "ಪರದೇಶದ ಕೆಲಸ ಕೈಗೆ ಬಂದಿತ್ತು ಸ್ವಾಮಿ. ನನಗೋಸ್ಕರ ಬಿಟ್ಲು." ಅದರಲ್ಲಿ ಹೆಮ್ಮೆ ಅರ್ಧ, ಇನ್ನರ್ಧ ಬೇರೆ. ಗಿರಾಕಿ ಹೋದ ಮೇಲೆ ನನಗೊಬ್ಬನಿಗೇ ಕೇಳುವಂತೆ, "ನನ್ನ ಹಾಳು ಕಣ್ಣು ಅವಳ ಕಾಲಿಗೆ ಅಡ್ಡ ಬಿತ್ತು ಕಣ್ರೀ" ಎನ್ನುತ್ತಿದ್ದರು. ಯಾವ ಭಾರ ಅವರ ತಲೆ ಮೇಲೆ ಬೀಳಬಾರದೆಂದು ಹುಡುಗಿ ಸುಳ್ಳು ಹೇಳಿದ್ದಳೋ, ಅದೇ ಭಾರವನ್ನು ಹೊತ್ತುಕೊಂಡು ಅವರು ಕೂತಿದ್ದರು. ನಾನು ಹೂಂ ಎನ್ನುತ್ತಿದ್ದೆ.

ಹುಡುಗಿ ಎದುರಿನ ಆಸ್ಪತ್ರೆಯಲ್ಲೇ ಸಹಾಯಕಿಯಾಗಿ ಸೇರಿದಳು. ಅಪ್ಪನ ಲೆಕ್ಕದಲ್ಲಿ ಮಾತ್ರ ಸಿಸ್ಟರ್ ಆಗಿ. ಒಂದು ದಿನ ರೋಗಿಯೊಬ್ಬರು ಸಿಸ್ಟರ್ ಎಂದು ಕರೆದು ಇಂಜೆಕ್ಷನ್ ಕೊಡಲು ಹೇಳಿದರಂತೆ. ಇವಳು ಸಿರಿಂಜ್ ಕೈಗೆತ್ತಿಕೊಂಡಳೆಂದು ಮೇಲಿನವರಿಂದ ಚೆನ್ನಾಗಿ ಉಗಿಸಿಕೊಂಡಳು. ಅಂದಿನಿಂದ ಯಾರು ಸಿಸ್ಟರ್ ಎಂದರೂ ಅವಳ ಬಾಯಿಂದ ಬರುತ್ತಿದ್ದದ್ದು ಒಂದೇ ಮಾತು: "ನಾನು ಸಿಸ್ಟರ್ ಅಲ್ಲ, ಕರೀತೀನಿ ಇರಿ." ದಿನಕ್ಕೆ ಎಷ್ಟು ಸಲವೋ. ವಾರ್ಡಮ್ಮನಂತೂ ಆ ಪದವನ್ನೇ ಬಿಟ್ಟರು. ಬಿಳಿ ಬಟ್ಟೆಯವರನ್ನು ಕಂಡರೆ "ಮೇಡಂ" ಎಂದು ಪಕ್ಕಕ್ಕೆ ಸರಿಯುತ್ತಿದ್ದರು. ಒಂದು ದಿನ ಅಂಗಡಿಗೆ ಬಂದು ಚೀಟಿಯಲ್ಲಿ ಸಹಾಯಕಿ ಎಂಬ ಪದವನ್ನು ದೊಡ್ಡದಾಗಿ ಬರೆಸಿಕೊಂಡರು. ಹೇಗಿರುತ್ತದೆ ನೋಡಿಟ್ಟುಕೊಳ್ಳುತ್ತೇನೆ ಎಂದರು. ಬರೆದುಕೊಟ್ಟೆ, ದುಡ್ಡು ತೆಗೆದುಕೊಳ್ಳಲಿಲ್ಲ.

ಇನ್ನೆರಡು ವರ್ಷಕ್ಕೆ ಬೀಗದವರ ಒಂದು ಕಣ್ಣು ಪೂರ್ತಿ ಹೋಯಿತು. ಇನ್ನೊಂದರಲ್ಲಿ ಉಳಿದಿದ್ದ ಚೂರನ್ನಾದರೂ ಉಳಿಸೋಣವೆಂದು ಆಪರೇಷನ್ ಮಾಡಿದರು. ಭೇಟಿಯ ಹೊತ್ತಿಗೆ ನಾನು ನೋಡಲು ಹೋದೆ. ವಾರ್ಡಿನ ಕೊನೆಯ ಮಂಚ, ಪಕ್ಕದ ಮಂಚಕ್ಕೂ ಇದಕ್ಕೂ ನಡುವೆ ಹಸಿರು ಪರದೆ. ಎರಡೂ ಕಣ್ಣಿಗೆ ಬಟ್ಟೆ ಕಟ್ಟಿದ್ದರು. ವಾರ್ಡಮ್ಮ ಮಂಚದ ಕಾಲ ಬಳಿ ನೆಲ ಒರೆಸುತ್ತಿದ್ದರು, ನನ್ನನ್ನು ನೋಡಿ ತಲೆಯಾಡಿಸಿದರು. ಬೀಗದವರು ಅಲುಗಾಡದೆ ಮಲಗಿದ್ದರು, ನಿದ್ದೆ ಎಂದುಕೊಂಡೆ.

ಪರದೆಯ ಆಚೆಯಿಂದ ಒಬ್ಬ ಮುದುಕರು ಕೂಗಿದರು. "ಸಿಸ್ಟರ್! ಸಿಸ್ಟರ್, ನೋವು ತಡೆಯಕ್ಕಾಗ್ತಿಲ್ಲ, ಒಂದು ಇಂಜೆಕ್ಷನ್ ಕೊಡಿ."

"ನಾನು ಸಿಸ್ಟರ್ ಅಲ್ಲ ತಾತ. ಕರೀತೀನಿ ಇರಿ."

ಅಭ್ಯಾಸದಂತೆ ಬಂದ ಮಾತು. ಅಪ್ಪ ಈಚೆಗಿರುವುದು ಅವಳಿಗೆ ಆ ಗಳಿಗೆಯಲ್ಲಿ ನೆನಪಾಗಲಿಲ್ಲವೋ, ನಿದ್ದೆ ಎಂದುಕೊಂಡಳೋ. ಚಪ್ಪಲಿಯ ಸದ್ದು ದೂರ ಹೋಯಿತು. ವಾರ್ಡಮ್ಮನ ಕೈ ಒರೆಸುವ ಬಟ್ಟೆಯ ಮೇಲೇ ನಿಂತಿತು.

"ಯಾರು ಬಂದಿರೋದು, ಜೆರಾಕ್ಸಿನವರಾ?" ಎಂದರು ಬೀಗದವರು. ನಿದ್ದೆಯಲ್ಲಿರಲಿಲ್ಲ.

"ಹೂಂ, ನಾನೇ."

"ಅದು ನಮ್ಮ ಪುಟ್ಟಿ ದನಿ ಅಲ್ವಾ?"

"ಹೌದು."

"ಏನಂದ್ಳು ಅವಳು?"

ಈ ಸಲ ತಪ್ಪಿಸಿಕೊಳ್ಳಲು ಗುಂಡಿ ಒತ್ತುವ ಯಂತ್ರ ಇರಲಿಲ್ಲ. ನಾನು ಹೇಳಿದೆ. ಎರಡು ವರ್ಷದ್ದು ಸಹಾಯಕಿಯ ಓದೆಂದು, ಅದರಿಂದ ಪರದೇಶಕ್ಕೆ ಹೋಗಲು ಬರುವುದಿಲ್ಲವೆಂದು, ಆ ಸಣ್ಣ ಅಕ್ಷರದ ಅರ್ಥ ನನಗೆ ಅವತ್ತೇ ಗೊತ್ತಿತ್ತೆಂದು. ಕೊನೆಯದನ್ನು ಕೇಳಿ ವಾರ್ಡಮ್ಮ ತಲೆಯೆತ್ತಿ ನೋಡಿದ ನೋಟವಿದೆಯಲ್ಲ, ಅದು ಸಾಯುವ ತನಕ ನನ್ನ ಜೊತೆಗಿರುತ್ತದೆ.

"ಹಾಗಾದ್ರೆ ಅವಳಿಗೆ ಕೆಲಸ ಸಿಕ್ಕೇ ಇರಲಿಲ್ಲ."

"ಇಲ್ಲ."

"ನನ್ನ ಕಣ್ಣಿಂದ ತಪ್ಪಿದ್ದಲ್ಲ."

ಒಂದು ಗಳಿಗೆ ಅವರ ಮುಖ ಹಗುರಾದಂತೆ ಕಂಡಿತು. ಆಮೇಲೆ ತುಟಿ ಅಲುಗಿತು, ಏನನ್ನೋ ಕೂಡಿಸಿ ಕಳೆದು ನೋಡುವವರ ಹಾಗೆ. "ನಾಲ್ಕು ವರ್ಷದ್ದು ಸಿಕ್ಕಿತ್ತಲ್ಲ ಅವಳಿಗೆ. ಅದನ್ಯಾಕೆ ಬಿಟ್ಲು?"

ವಾರ್ಡಮ್ಮ ನೆಲದಿಂದೆದ್ದು ಮಂಚದ ಅಂಚು ಹಿಡಿದುಕೊಂಡರು.

"ಕಣ್ತುಂಬ ನೋಡ್ಬೇಕು ಅಂದಿದ್ದು ನಾನೇ ಅಲ್ವಾ" ಎಂದರು ಬೀಗದವರು.

"ನಾನು ಕಣೋ" ಎಂದರು ವಾರ್ಡಮ್ಮ ತೊದಲುತ್ತ. "ಎರಡೂ ಒಂದೇ ಅಂತ ನಾನೇ ಕಣೋ ಹೇಳಿದ್ದು. ನನಗೇನು ಗೊತ್ತಿತ್ತು..."

"ಸುಮ್ನಿರಕ್ಕ. ಅವಳು ಬರ್ತಿದಾಳೆ."

ನಮಗಿಬ್ಬರಿಗೂ ಕೇಳುವ ಮೊದಲೇ ಅವರಿಗೆ ಆ ಹೆಜ್ಜೆ ಕೇಳಿಸಿತ್ತು. ಹುಡುಗಿ ಸ್ಟಾಫ್ ನರ್ಸ್ ಜೊತೆಗೆ ಬಂದಳು. ಮುದುಕರಿಗೆ ಇಂಜೆಕ್ಷನ್ ಆಯಿತು. ನಂತರ ಇಬ್ಬರೂ ಪರದೆ ಸರಿಸಿ ಈಚೆ ಬಂದರು. ನರ್ಸ್ ಬೀಗದವರ ಕಣ್ಣಿನ ಬಟ್ಟೆ ಬಿಚ್ಚಿ ಔಷಧಿ ಹನಿಸತೊಡಗಿದರು, ಹುಡುಗಿ ಪಕ್ಕದಲ್ಲಿ ತಟ್ಟೆ ಹಿಡಿದು ನಿಂತಳು. ಹೊಸದಾಗಿ ಬಂದ ನರ್ಸ್ ಇರಬೇಕು, "ಇವಳು ನಿಮ್ಮ ಮಗಳಂತೆ?" ಎಂದು ಕೇಳಿದರು.

"ಹೌದು ಸಿಸ್ಟರ್" ಎಂದರು ಬೀಗದವರು. ದನಿಯಲ್ಲಿ ಎಂದಿನ ಗತ್ತು ಇತ್ತು. "ಪರದೇಶದ ಕೆಲಸ ಕೈಗೆ ಬಂದಿತ್ತು. ನನಗೋಸ್ಕರ ಬಿಟ್ಲು."

ಹುಡುಗಿ ತಟ್ಟೆಯನ್ನೇ ನೋಡುತ್ತಿದ್ದಳು. ನರ್ಸ್ ಹೊಸ ಹತ್ತಿ ಕೇಳಿದರು, ಅವಳು ಕೊಟ್ಟಳು. ಬೀಗದವರ ಕೈ ಹಾಸಿಗೆಯ ಮೇಲೆ ತಡವರಿಸಿ ಅವಳ ಮಣಿಕಟ್ಟನ್ನು ಹುಡುಕಿ ಹಿಡಿಯಿತು. ಔಷಧಿ ಹಾಕಿ, ಬಟ್ಟೆ ಕಟ್ಟಿ ಮುಗಿಯುವ ತನಕ ಹಾಗೇ ಹಿಡಿದುಕೊಂಡಿದ್ದರು.